ದೀಪದ ಮುಂದೆ ನಿಂತರೂ ಮನಸ್ಸು ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನನಗೆ 41 ವರ್ಷ. ತವರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಬೆಂಗಳೂರಿಗೆ ಬಂದು 16 ವರ್ಷವಾಯಿತು. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮನೆಯಿಂದ ಕಚೇರಿಗೆ 17 ಕಿಲೋಮೀಟರ್. ಹೊರವರ್ತುಲ ರಸ್ತೆಯಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಅದಕ್ಕಿಂತ ಹೆಚ್ಚು. ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿ ಬತ್ತಿ ಎರಡು ವರ್ಷವಾಯಿತು, ಟ್ಯಾಂಕರ್ ನೀರೇ ಗತಿ. ತವರಿನಲ್ಲಿ ಅಮ್ಮ ಮುಸ್ಸಂಜೆ ದೀಪ ಹಚ್ಚಿದರೆ ನಾವು ಮಕ್ಕಳೆಲ್ಲ ಎದುರಿಗೆ ಕುಳಿತು ಬಾಯಿಪಾಠ ಒಪ್ಪಿಸುತ್ತಿದ್ದೆವು. ಇಲ್ಲಿ ನಾನು ಮನೆ ಸೇರುವುದೇ ರಾತ್ರಿ ಎಂಟೂವರೆಗೆ. ದೀಪ ಹಚ್ಚುತ್ತೇನೆ, ಕೈ ಮುಗಿಯುತ್ತೇನೆ, ಆದರೆ ತಲೆಯಲ್ಲಿ ನಾಳೆಯ ಕ್ಯಾಬ್, ಮಗನ ಪರೀಕ್ಷೆ, ನೀರಿನ ಬಿಲ್ಲು. ಹಬ್ಬದ ದಿನ ದೇವಸ್ಥಾನಕ್ಕೆ ಹೋದರೆ ಪಾರ್ಕಿಂಗ್ ಜಗಳ, ಸರತಿ ಸಾಲು, ದರ್ಶನದ ಹೊತ್ತಿಗೆ ಸುಸ್ತು. "ಇರುವುದರಲ್ಲಿ ತೃಪ್ತಿ ಪಡಬೇಕಮ್ಮ, ಎಷ್ಟೋ ಜನಕ್ಕೆ ಇಷ್ಟೂ ಇಲ್ಲ" ಎನ್ನುತ್ತಾರೆ ನಮ್ಮ ಅತ್ತೆ. ಒಂದು ಆ್ಯಪ್‌ನಲ್ಲಿ ದಿನಕ್ಕೆ ಮೂರು ಕೃತಜ್ಞತೆಗಳನ್ನು ಬರೆಯಲು ತೊಡಗಿದೆ. ಮೂರನೇ ವಾರದಲ್ಲಿ ದಿನವೂ "ಮಗ, ಮನೆ, ಆರೋಗ್ಯ" ಎಂದೇ ಬರೆಯುತ್ತಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಿ ನಿಲ್ಲಿಸಿಬಿಟ್ಟೆ. ಕಳೆದ ತಿಂಗಳು ಬೆಳಿಗ್ಗೆ ಬರಬೇಕಿದ್ದ ಟ್ಯಾಂಕರ್ ರಾತ್ರಿ ಹನ್ನೊಂದಕ್ಕೆ ಬಂದಾಗ, ಅದನ್ನು ತಂದ ಹುಡುಗನನ್ನು ಬಾಯಿಗೆ ಬಂದಂತೆ ಬೈದೆ. ಅವನು ಮಾತಾಡದೆ ಪೈಪು ಸುತ್ತಿಕೊಂಡು ಹೊರಟುಹೋದ. ಆವತ್ತಿನಿಂದ ನನ್ನ ಮೇಲೇ ನನಗೆ ಬೇಸರ. ನನ್ನ ನಂಬಿಕೆ ಹೋಯಿತೇ? ನಾನು ಕೃತಘ್ನಳೇ? ಊರಿಗೆ ಮರಳಿದರೆ ಸರಿಹೋಗುತ್ತದೆಯೇ? ಕೊನೆಯದಾಗಿ, ಎಂಟೂವರೆಗೆ ದೀಪ ಹಚ್ಚುವುದು ತಪ್ಪೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆ ಎಳೆಗಳು ಒಂದೇ ಗಂಟಾಗಿ ಕಟ್ಟಿಕೊಂಡಿವೆ. ದೇಹ ದಣಿದಿದೆ. ನಗರದ ಅವ್ಯವಸ್ಥೆಯ ಮೇಲೆ ನ್ಯಾಯವಾದ ಸಿಟ್ಟಿದೆ. ಆ ದಣಿವನ್ನೂ ಸಿಟ್ಟನ್ನೂ ನೀವು ಭಕ್ತಿ ಕುಂದಿದ್ದಕ್ಕೆ ಸಾಕ್ಷಿ ಎಂದು ತಿಳಿದುಕೊಂಡಿದ್ದೀರಿ. ಈ ನಗರದಲ್ಲಿ 22 ವರ್ಷಗಳಿಂದ ಆಪ್ತಸಮಾಲೋಚಕಿಯಾಗಿರುವ ನನ್ನ ಎದುರು ಕುಳಿತು "ದೇವರ ಮುಂದೆ ನಿಂತರೂ ಏನೂ ಅನ್ನಿಸುವುದಿಲ್ಲ" ಎಂದವರಲ್ಲಿ ಹೆಚ್ಚಿನವರು ನಂಬಿಕೆ ಕಳೆದುಕೊಂಡವರಲ್ಲ, ನಿದ್ದೆ ಕಳೆದುಕೊಂಡವರು.

ಆದ್ದರಿಂದ ಮೊದಲು ದೇಹದ ಮಾತು. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆ ಬಹಳ ಸಾಮಾನ್ಯ, ಮತ್ತು ಇವೆರಡೂ ಬೇಗ ರೇಗುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಮೈಯೆಲ್ಲ ಭಾರವೆನಿಸುವುದು ಇಂಥ ರೂಪಗಳಲ್ಲೇ ಕಾಣಿಸಿಕೊಳ್ಳುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿ. ಎರಡು ವಾರಗಳಿಗೂ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸುತ್ತಿದ್ದರೆ, ನಿದ್ದೆ ಊಟಗಳು ಏರುಪೇರಾಗಿದ್ದರೆ, ಬದುಕೇ ಸಾಕೆನ್ನುವ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಅದನ್ನು ಪ್ರಾರ್ಥನೆಯ ಕೊರತೆಯೆಂದು ತಿಳಿದು ಕಾಯುತ್ತ ಕೂರಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಪತ್ರದಿಂದ ನನಗೆ ಅಂಥ ಗುರುತು ಸ್ಪಷ್ಟವಾಗಿ ಕಾಣಲಿಲ್ಲ, ಆದರೆ ಪತ್ರ ಓದಿ ರೋಗ ನಿರ್ಧರಿಸುವುದು ಯಾರಿಗೂ ಸಾಧ್ಯವಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ನಮ್ಮ ಹಿರಿಯರೆಲ್ಲ ಹೇಳುತ್ತ ಬಂದ ಮಾತೇ ಅದು. ಆದರೆ ನಮಗಿಂತ ಕೆಳಗಿನವರನ್ನು ನೋಡಿ ಸಮಾಧಾನ ಪಡುವ ಉಪಾಯ ತಲೆನೋವಿನ ಮಾತ್ರೆಯ ಹಾಗೆ, ಕೆಲವು ಗಂಟೆ ಕೆಲಸ ಮಾಡುತ್ತದೆ. ಆಮೇಲೆ "ನನಗೆ ಇಷ್ಟಿದ್ದೂ ಗೊಣಗುತ್ತೇನಲ್ಲ" ಎಂಬ ತಪ್ಪಿತಸ್ಥ ಭಾವ, ಅದರ ಹಿಂದೆಯೇ "ನಾಳೆ ನಾನೂ ಅವರ ಸ್ಥಿತಿಗೆ ಬಂದರೆ" ಎಂಬ ಭಯ ಹುಟ್ಟುತ್ತವೆ. ಇನ್ನೊಬ್ಬರ ಕಷ್ಟವನ್ನು ನಮ್ಮ ನೆಮ್ಮದಿಗೆ ಔಷಧಿಯಾಗಿ ಬಳಸುವುದರಲ್ಲಿ ಒಂದು ಬಗೆಯ ಕ್ರೌರ್ಯವೂ ಇದೆ ಎಂದು ನನಗೆ ಅನಿಸುತ್ತದೆ, ಅದು ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೇ.

ಕೃತಜ್ಞತೆ ಇರುವವರು ದೂರಬಾರದು ಎಂಬುದು ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ತಪ್ಪು ತಿಳಿವಳಿಕೆ. ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟೂ ಹೇಳಿದ ಹೊತ್ತಿಗೆ ನೀರು ಬರದಿದ್ದರೆ ಅದು ತೊಂದರೆಯೇ. ಅದನ್ನು ತೊಂದರೆ ಎಂದು ಕರೆಯುವುದು ಸತ್ಯ ಹೇಳಿದಂತೆ, ದೇವರಿಗೆ ಅಪಚಾರ ಮಾಡಿದಂತಲ್ಲ. ಸಿಟ್ಟನ್ನು ನುಂಗಿ ಅದರ ಮೇಲೆ ಧನ್ಯತೆಯ ಹಾಳೆ ಹೊದಿಸಿದರೆ ಅದು ಇನ್ನೆಲ್ಲೋ ಹರಿದು ಹೊರಬರುತ್ತದೆ, ಸಾಮಾನ್ಯವಾಗಿ ತಿರುಗಿ ಮಾತನಾಡಲಾಗದವರ ಮೇಲೆ. ನಿಮ್ಮ ಪ್ರಸಂಗದಲ್ಲಿ ಆ ಹುಡುಗನ ಮೇಲೆ ಬಂತು.

ಸಿಟ್ಟು ಯಾಕಿಷ್ಟು ಹೊತ್ತು ಉಳಿಯುತ್ತದೆ, ಮನೆ ಸೇರಿದ ಮೇಲೂ ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ, ಗಟ್ಟಿಯಾದ ವಿವರಣೆಯಿದೆ. ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬಿಬ್ಬರು ನಗರಜೀವನದ ಒತ್ತಡವನ್ನು ಅರಿಯಲು ನಡೆಸಿದ ಪ್ರಯೋಗಗಳನ್ನು 1972ರಲ್ಲಿ ಪ್ರಕಟಿಸಿದರು. ಜನರನ್ನು ಕೂರಿಸಿ ಕಿವಿಗಡಚಿಕ್ಕುವ ಸದ್ದು ಕೇಳಿಸಿದರು. ಕೆಲವರಿಗೆ ಸದ್ದು ಗೊತ್ತಾದ ಲಯದಲ್ಲಿ ಬರುತ್ತಿತ್ತು, ಕೆಲವರಿಗೆ ಯಾವಾಗ ಬರುತ್ತದೆಂದೇ ತಿಳಿಯುತ್ತಿರಲಿಲ್ಲ. ಸದ್ದು ಇರುವಾಗ ಎಲ್ಲರೂ ಹೆಚ್ಚುಕಡಿಮೆ ಹೊಂದಿಕೊಂಡು ಕೆಲಸ ಮಾಡಿದರು. ವ್ಯತ್ಯಾಸ ಕಂಡಿದ್ದು ಸದ್ದು ನಿಂತ ಮೇಲೆ. ಯಾವಾಗ ಬರುತ್ತದೆಂದು ತಿಳಿಯದ ಸದ್ದಿನಲ್ಲಿ ಕುಳಿತವರು ಆಮೇಲೆ ಕೊಟ್ಟ ಬಿಡಿಸಲಾಗದ ಒಗಟುಗಳನ್ನು ಬೇಗ ಕೈಬಿಟ್ಟರು, ತಪ್ಪು ತಿದ್ದುವ ಕೆಲಸದಲ್ಲಿ ಹೆಚ್ಚು ಎಡವಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, "ಬೇಡವೆನಿಸಿದರೆ ಈ ಗುಂಡಿ ಒತ್ತಿ, ಸದ್ದು ನಿಲ್ಲುತ್ತದೆ" ಎಂದು ಹೇಳಿಸಿಕೊಂಡವರಿಗೆ, ಅವರು ಗುಂಡಿಯನ್ನು ಒತ್ತದೇ ಇದ್ದರೂ, ಆ ಹಾನಿ ತೀರಾ ಕಡಿಮೆಯಾಗಿತ್ತು.

ನಿಮ್ಮ ದಿನವನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಮೂರು ಗಂಟೆಯ ಪ್ರಯಾಣ ಕಷ್ಟವೇ, ಆದರೆ ಅದಕ್ಕಿಂತ ಕಷ್ಟದ್ದು ಇವತ್ತು ಎರಡೂವರೆಯೋ ಮೂರೂವರೆಯೋ ಎಂದು ತಿಳಿಯದಿರುವುದು. ಟ್ಯಾಂಕರ್ ತಡವಾಗಿ ಬರುವುದಕ್ಕಿಂತ ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದು ಹೆಚ್ಚು ಹಿಂಸೆ. ಇಡೀ ದಿನದಲ್ಲಿ ನೀವು ಒತ್ತಬಹುದಾದ ಗುಂಡಿ ಒಂದೂ ಇಲ್ಲ. ದೇವರ ಮನೆಯ ಮುಂದೆ ನೀವು ಬಂದು ನಿಲ್ಲುವುದು "ಸದ್ದು ನಿಂತ ಮೇಲಿನ" ಹೊತ್ತಿನಲ್ಲಿ; ಮನಸ್ಸು ಯಾವ ಕೆಲಸಕ್ಕೂ ಒಗ್ಗದ ಹೊತ್ತದು. ಅಲ್ಲಿ ಭಾವ ಉಕ್ಕಲಿಲ್ಲವೆಂದರೆ ಭಕ್ತಿ ಇಲ್ಲವೆಂದಲ್ಲ. ಸಾಲು ಸಾಲು ಲೆಕ್ಕ ನೋಡಿ ಬಂದ ಕಣ್ಣಿಗೆ ಅಕ್ಷರ ಮಸುಕಾಗಿ ಕಾಣುತ್ತದೆ, ಅಕ್ಷರಜ್ಞಾನ ಹೋಯಿತೆಂದು ಯಾರೂ ಹೇಳುವುದಿಲ್ಲವಲ್ಲ.

ಅಷ್ಟಕ್ಕೂ ನಂಬಿಕೆಯನ್ನು ಭಾವದ ತೀವ್ರತೆಯಿಂದಲೇ ಅಳೆಯಬೇಕಿಲ್ಲ. ನಿಮ್ಮ ಅಮ್ಮ ದಿನವೂ ದೀಪ ಹಚ್ಚುವಾಗ ಅವರಿಗೆ ಕಣ್ಣೀರು ಬರುತ್ತಿತ್ತೇ? ಮಲೆನಾಡಿನ ಮನೆಯ ಗೃಹಿಣಿಗೆ ಆ ಹೊತ್ತಿನಲ್ಲಿ ಕೊಟ್ಟಿಗೆಯ ಕೆಲಸ, ಬಚ್ಚಲ ಒಲೆಯ ಉರಿ, ರಾತ್ರಿಯ ಅಡುಗೆ ಎಲ್ಲವೂ ತಲೆಯಲ್ಲಿ ಇದ್ದಿರಲೇಬೇಕು. ನೀವು ನೆನಪಿಟ್ಟುಕೊಂಡಿರುವುದು ದೀಪದ ಎದುರು ಕುಳಿತ ಮಗುವಿನ ನೆಮ್ಮದಿಯನ್ನು. ಅದನ್ನು ಹಚ್ಚಿದವರ ಮನಸ್ಸು ಹೇಗಿತ್ತೆಂದು ನಿಮಗೆ ತಿಳಿಯದು. ಈಗ ಹಚ್ಚುವ ಸರದಿ ನಿಮ್ಮದಾಗಿದೆ, ಆದರೆ ಕುಳಿತ ಮಗುವಿನ ಅನುಭವವೇ ಬೇಕೆಂದು ಕಾಯುತ್ತಿದ್ದೀರಿ. ಒಮ್ಮೆ ಅಮ್ಮನಿಗೆ ಫೋನು ಮಾಡಿ ಕೇಳಿ. ಇಂಥ ಪ್ರಶ್ನೆಯನ್ನು ತಾಯಂದಿರಿಗೆ ಕೇಳಿ ಬಂದವರು ನನಗೆ ಹೇಳಿದ ಉತ್ತರಗಳು ಒಂದಕ್ಕಿಂತ ಒಂದು ಚೆನ್ನಾಗಿವೆ. "ಎಂಥ ಭಕ್ತಿ, ದೀಪದ ನೆವದಲ್ಲಿ ಎರಡು ನಿಮಿಷ ಕೂರಲು ಸಿಕ್ಕುತ್ತಿತ್ತು" ಎಂದರಂತೆ ಒಬ್ಬರು.

ಇನ್ನು ಕೃತಜ್ಞತೆ. ಈ ಪದವನ್ನು ಬಿಡಿಸಿ ನೋಡಬೇಕು. ಕೃತ ಎಂದರೆ ಮಾಡಲಾದದ್ದು, ಜ್ಞ ಎಂದರೆ ಅರಿತವನು. ನಮಗಾಗಿ ಮಾಡಿದ್ದನ್ನು ಅರಿತಿರುವುದೇ ಕೃತಜ್ಞತೆ. ಅದು ಮೊದಲು ಒಂದು ತಿಳಿವಳಿಕೆ, ಭಾವ ಆಮೇಲಿನದು. ತಿಳಿಯದೇ ಇರುವುದಕ್ಕೆ ಯಾರೂ ಕೃತಜ್ಞರಾಗಲಾರರು. ನಗರದಲ್ಲಿ ಈ ಭಾವ ಒಣಗಲು ಮುಖ್ಯ ಕಾರಣ ನಮ್ಮ ಸ್ವಭಾವ ಕೆಟ್ಟಿದ್ದಲ್ಲ, ಮಾಡುವವರ ಕೈಗಳು ಕಣ್ಣಿಗೆ ಬೀಳದಿರುವುದು ಎಂಬುದು ನನ್ನ ಅನುಭವದ ತೀರ್ಮಾನ. ಊರಿನಲ್ಲಿ ಹಾಲು ಯಾರ ಮನೆಯದು, ಬಾವಿಯಿಂದ ನೀರು ಸೇದಿದವರು ಯಾರು, ಮಡಕೆ ಯಾರು ಮಾಡಿದ್ದು ಎಂದು ಗೊತ್ತಿರುತ್ತಿತ್ತು. ಇಲ್ಲಿ ಹಾಲು ಬಾಗಿಲ ಚೀಲದಲ್ಲಿರುತ್ತದೆ, ನೀರು ನಲ್ಲಿಯಲ್ಲಿರುತ್ತದೆ, ಕಸ ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತದೆ. ಎಲ್ಲವೂ ಸರಿಯಾಗಿ ನಡೆದ ದಿನ ನಗರ ಕಾಣುವುದೇ ಇಲ್ಲ, ಕೆಟ್ಟ ದಿನ ಮಾತ್ರ ಕಾಣುತ್ತದೆ. ಮುನ್ನೂರು ದಿನ ಬಂದ ನೀರಿಗೆ ನೆನಪಿಲ್ಲ, ಬಾರದ ಮೂರು ದಿನಕ್ಕೆ ಇದೆ. ಮನುಷ್ಯನ ಮಿದುಳು ಅಪಾಯವನ್ನು ಮೊದಲು ಗಮನಿಸುವಂತೆಯೇ ರೂಪುಗೊಂಡಿದೆ. ಅದರ ಮೇಲೆ ಕೊಡುವವರನ್ನು ಮರೆಮಾಡುವ ನಗರವೂ ಸೇರಿಕೊಂಡರೆ ಏನಾಗಬೇಕೋ ಅದೇ ನಿಮಗೆ ಆಗಿದೆ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಯಾವುದೋ ಚಿಂತೆಯಲ್ಲಿ ನಿದ್ದೆ ಬಾರದೆ, ಬೆಳಗಿನ ಜಾವ ನಾಲ್ಕೂವರೆಗೆ ಮನೆಯ ಮುಂದೆ ಅಡ್ಡಾಡುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಸ್ವೆಟರ್ ಹಾಕಿ ತಲೆಗೆ ಮಫ್ಲರ್ ಸುತ್ತಿದ್ದ ಒಬ್ಬರು ಬೈಕ್ ನಿಲ್ಲಿಸಿ, ನೆಲದಲ್ಲಿದ್ದ ಚಿಕ್ಕ ಕಬ್ಬಿಣದ ಮುಚ್ಚಳ ಎತ್ತಿ, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಎರಡೂ ಕೈಯಿಂದ ತಿರುಗಿಸತೊಡಗಿದರು. ಅದು ಜಗ್ಗುತ್ತಿರಲಿಲ್ಲ. ಕೀಲಿಯ ಹಿಡಿಗೆ ಎದೆ ಒತ್ತಿ, ಕಾಲೂರಿ, ಮತ್ತೆ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ನೆಲದ ಕೆಳಗಿನಿಂದ ಗಾಳಿ ಉಸಿರಿದಂಥ ಸದ್ದು, ಹಿಂದೆಯೇ ನೀರು ನುಗ್ಗುವ ಸದ್ದು. ನೀರು ಬಿಡುವ ವಾಲ್ವ್‌ಮನ್ ಅವರು. ಆ ಬಡಾವಣೆಯಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೆ. ನೀರು ಬರದ ದಿನ ದೂರು ಕೊಟ್ಟಿದ್ದೆ. ನೀರು ಬಿಡಲು ಒಬ್ಬ ಮನುಷ್ಯ ಬರುತ್ತಾರೆಂಬುದು ನನ್ನ ಯೋಚನೆಯಲ್ಲೇ ಇರಲಿಲ್ಲ. ಮಾತನಾಡಿಸಿದೆ. ಇನ್ನೂ ಒಂಬತ್ತು ವಾಲ್ವ್ ಬಾಕಿಯಿದೆ ಎಂದು ಹೇಳಿ ಅವರು ಹೊರಟರು.

ಅವತ್ತಿನಿಂದ ನಾನು ಈ ನೀರಿನ ದಾರಿಯನ್ನು ಹುಡುಕಿಕೊಂಡು ಓದಿದೆ. ಬೆಂಗಳೂರಿಗೆ ಮೊದಲು ನಲ್ಲಿ ನೀರು ಬಂದದ್ದು ಅರ್ಕಾವತಿಯ ಹೆಸರಘಟ್ಟದಿಂದ, 1890ರ ದಶಕದಲ್ಲಿ. ಆಮೇಲೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಕಾವೇರಿ ಬಂದದ್ದು 1974ರಲ್ಲಿ. ಆ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. 2024ರ ಬೇಸಿಗೆಯ ಹಾಹಾಕಾರದ ನಂತರ ಅದೇ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಇದನ್ನೆಲ್ಲ ತಿಳಿದ ಮಾತ್ರಕ್ಕೆ ನಿಮ್ಮ ಅಪಾರ್ಟ್‌ಮೆಂಟಿಗೆ ಸಂಪರ್ಕ ಸಿಗದಿರುವುದು ಸರಿಯಾಗಿಬಿಡುವುದಿಲ್ಲ. ಆದರೆ ನಲ್ಲಿ ತಿರುಗಿಸುವಾಗ ನನಗೆ ಈಗ ಆ ಕಬ್ಬಿಣದ ಕೀಲಿ ಕಣ್ಣಿಗೆ ಬರುತ್ತದೆ. "ಧನ್ಯವಾದ" ಎಂದು ನಾನು ಅಂದುಕೊಳ್ಳುವುದಿಲ್ಲ, ಅಂದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ನಿಮ್ಮ ಡೈರಿ ಏಕೆ ಸೋತಿತೆಂಬುದು ಇಲ್ಲಿಂದ ನೋಡಿದರೆ ಸ್ಪಷ್ಟವಾಗುತ್ತದೆ. ಕೃತಜ್ಞತೆಯ ಡೈರಿ ಬರೀ ಆ್ಯಪ್‌ನವರ ಕಟ್ಟುಕತೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ದೊರೆತ ಒಳಿತುಗಳನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ಆದರೆ ಆಮೇಲಿನ ಸಂಶೋಧನೆಗಳನ್ನು ಒಟ್ಟಾಗಿ ನೋಡಿದರೆ ಪರಿಣಾಮ ಚಿಕ್ಕದು. ಆತಂಕ ಮತ್ತು ಖಿನ್ನತೆಗೆ ಇದೊಂದೇ ಸಾಕಾಗುವುದಿಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಹೋದ್ಯೋಗಿಗಳು ವಾರಕ್ಕೊಮ್ಮೆ ಬರೆದವರನ್ನೂ ಮೂರು ಸಲ ಬರೆದವರನ್ನೂ ಹೋಲಿಸಿದಾಗ, ಪ್ರಯೋಜನ ಕಂಡದ್ದು ವಾರಕ್ಕೊಮ್ಮೆ ಬರೆದವರಲ್ಲಿ. ದಿನವೂ ಬರೆದರೆ ಅದೂ ಒಂದು ಫೈಲಿಂಗ್ ಕೆಲಸವಾಗುತ್ತದೆ, ಲೆಕ್ಕಪತ್ರ ವಿಭಾಗದಲ್ಲಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ. "ಮಗ, ಮನೆ, ಆರೋಗ್ಯ" ಎಂಬುದು ಆಸ್ತಿಯ ಪಟ್ಟಿ. ಅದರಲ್ಲಿ ಯಾರೂ ಯಾರಿಗೂ ಏನೂ ಮಾಡುತ್ತಿಲ್ಲ.

ಬೇಕೆನಿಸಿದರೆ ಹೀಗೆ ಮಾಡಿ. ವಾರಕ್ಕೆ ಒಂದು ದಿನ, ಒಂದೇ ಒಂದು ಸಂಗತಿ, ಅದರಲ್ಲಿ ಒಬ್ಬ ಮನುಷ್ಯ ಮತ್ತು ಅವರು ಮಾಡಿದ ಕೆಲಸ ಇರಬೇಕು. "ಕ್ಯಾಬ್ ಚಾಲಕರು ಮಳೆಯಲ್ಲಿ ಗೇಟಿನ ತನಕ ಬಂದರು, ಹಿಂದಕ್ಕೆ ತಿರುಗಿಸಲು ಅವರಿಗೆ ಹತ್ತು ನಿಮಿಷ ಹಿಡಿಯಿತು." ಅಷ್ಟು ಸಾಕು. ಬರೆಯುವುದು ಬೇಡವಾದರೆ ಊಟದ ಹೊತ್ತಿಗೆ ಮಗನಿಗೆ ಹೇಳಿ. ಇದರಲ್ಲೂ ಅಪಾಯವಿದೆ, ಎರಡು ಬಗೆಯದು. ಕೆಲವರಿಗೆ ಇದು ಋಣದ ಲೆಕ್ಕವಾಗಿಬಿಡುತ್ತದೆ: ಯಾರಿಗೆ ಎಷ್ಟು ಬಾಕಿ, ಹೇಗೆ ತೀರಿಸುವುದು ಎಂಬ ಹೊಸ ಚಿಂತೆ ಶುರುವಾಗುತ್ತದೆ. ಹಾಗಾದರೆ ಬಿಟ್ಟುಬಿಡಿ. ಇನ್ನೊಂದು ಗಂಭೀರವಾದದ್ದು. ಮನೆಯಲ್ಲೋ ಕಚೇರಿಯಲ್ಲೋ ನಿಜವಾದ ಅನ್ಯಾಯ, ಹಿಂಸೆ ಅನುಭವಿಸುತ್ತಿರುವವರು "ಅವರು ನನಗೆ ಎಷ್ಟೊಂದು ಮಾಡಿದ್ದಾರೆ" ಎಂದು ಬರೆಯುತ್ತ ಹೋದರೆ ಕೃತಜ್ಞತೆಯೇ ಅವರನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ. ಅಂಥವರಿಗೆ ನಾನು ಈ ಅಭ್ಯಾಸವನ್ನು ಹೇಳುವುದೇ ಇಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಅನ್ವಯಿಸಬಹುದೆಂದು ಹೇಳಿದೆ.

ನೀರಿನ ವಿಷಯದಲ್ಲಿ ನಿಮಗೆ ಬೇಕಾದದ್ದು ತೃಪ್ತಿಯಲ್ಲ, ಆ ಪ್ರಯೋಗದಲ್ಲಿದ್ದಂತೆ ಒತ್ತಲು ಒಂದು ಗುಂಡಿ. ಅಪಾರ್ಟ್‌ಮೆಂಟಿನ ಸಂಘದ ಸಭೆಗೆ ಹೋಗಿ, ಟ್ಯಾಂಕರ್ ಬರುವ ಹೊತ್ತನ್ನು ಹಿಂದಿನ ದಿನವೇ ಗುಂಪಿನಲ್ಲಿ ತಿಳಿಸುವ ವ್ಯವಸ್ಥೆ ಕೇಳಿ. ತಡವಾದರೂ ಚಿಂತೆಯಿಲ್ಲ, ತಿಳಿದಿರಬೇಕು. ಮೇಲಿನ ಪ್ರಯೋಗದ ಸಾರವೇ ಅದು. ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಕಡ್ಡಾಯ. ನಿಮ್ಮ ಕಟ್ಟಡದಲ್ಲಿ ಪೈಪು ಇದೆಯೋ, ಇದ್ದರೆ ಅದು ಇಂಗುಗುಂಡಿಗೆ ಸೇರುತ್ತದೆಯೋ ಚರಂಡಿಗೋ ಎಂದು ಒಂದು ಭಾನುವಾರ ನೋಡಿ. ನನ್ನ ಬಳಿ ಬಂದ ಕೆಲವರಿಗೆ ಹತ್ತು ಸಲದ ಸಮಾಲೋಚನೆಗಿಂತ ಇಂಥ ಒಂದು ಕೆಲಸ ಹೆಚ್ಚು ಉಪಕಾರ ಮಾಡಿದ್ದನ್ನು ಕಂಡಿದ್ದೇನೆ. ಆದರೆ ಸಂಘದ ಕಾರ್ಯದರ್ಶಿಯಾಗಲು ಮಾತ್ರ ಈ ವರ್ಷ ಒಪ್ಪಿಕೊಳ್ಳಬೇಡಿ. ದಣಿದವರು ಸಾರ್ವಜನಿಕ ಕೆಲಸಕ್ಕೆ ಪೂರ್ತಿ ಇಳಿದರೆ ಆರು ತಿಂಗಳಲ್ಲಿ ನೆರೆಯವರೆಲ್ಲರ ಮೇಲೂ ಕಹಿ ತುಂಬಿಕೊಂಡು ಮನೆ ಸೇರುತ್ತಾರೆ.

ದೇವಸ್ಥಾನದ ಬಗ್ಗೆ ಹೇಳುವುದಾದರೆ, ಹಬ್ಬದ ದಿನದ ಜನಜಂಗುಳಿಯಲ್ಲಿ ಏಕಾಂತದ ಶಾಂತಿ ಹುಡುಕುವುದು ತಪ್ಪು ಅಂಗಡಿಗೆ ಹೋದಂತೆ. ಜಾತ್ರೆಯ ಸೊಗಸು ಬೇರೆ, ಗರ್ಭಗುಡಿಯ ಮೌನ ಬೇರೆ. ಮೌನ ಬೇಕಿದ್ದರೆ ಮನೆಯಿಂದ ನಡೆದು ಹೋಗಬಹುದಾದ ಚಿಕ್ಕ ಗುಡಿಗೆ, ವಾರದ ನಡುವಿನ ಒಂದು ಬೆಳಿಗ್ಗೆ, ಹತ್ತು ನಿಮಿಷ ಹೋಗಿ. ಅದೇ ದಿನ, ಅದೇ ಹೊತ್ತು, ಸಾಧ್ಯವಾದರೆ ಕೂರುವುದೂ ಅದೇ ಕಂಬದ ಬಳಿ. ನಿಮ್ಮ ಊರಿನ ಭಕ್ತಿ ಜಾಗಕ್ಕೂ ಹೊತ್ತಿಗೂ ಮುಖಗಳಿಗೂ ಅಂಟಿಕೊಂಡಿತ್ತು; ಬೇರು ಸಮೇತ ಕಿತ್ತು ತಂದ ಗಿಡಕ್ಕೆ ಇಲ್ಲೂ ಒಂದು ಪಾತಿ ಬೇಕಲ್ಲವೇ. ಶುಕ್ರವಾರದ ನಮಾಜಿಗೆ ಹೋಗುವವರಿಗೆ, ಭಾನುವಾರದ ಚರ್ಚಿಗೆ ಹೋಗುವವರಿಗೆ ಈ ಪಾತಿ ತಾನಾಗಿ ಒದಗುತ್ತದೆ. ನಮ್ಮಲ್ಲಿ ವಾರದ ಕಟ್ಟು ಇಲ್ಲದಿರುವುದರಿಂದ ನಾವೇ ಕಟ್ಟಿಕೊಳ್ಳಬೇಕು.

ಜಾತ್ರೆಯ ಸೊಗಸು ಬೇಕಿದ್ದರೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಗನನ್ನು ಕರೆದುಕೊಂಡು ಹೋಗಿ, ಮೆಟ್ರೊದಲ್ಲಿ ಹೋಗಿ. ಕಡಲೆಕಾಯಿ ಬೆಳೆಯನ್ನು ತಿನ್ನುತ್ತಿದ್ದ ಬಸವನಿಗೆ ಗುಡಿ ಕಟ್ಟಿಸಿ ಮೊದಲ ಫಸಲನ್ನು ಒಪ್ಪಿಸತೊಡಗಿದರು ಎಂಬ ಐತಿಹ್ಯ ಅದಕ್ಕಿದೆ. ದೊಡ್ಡ ಬಸವಣ್ಣನ ಎದುರಿನ ರಸ್ತೆಯಲ್ಲಿ ರಾಶಿ ಹಾಕಿ ಕೂತಿರುವವರಲ್ಲಿ ವ್ಯಾಪಾರಿಗಳ ಜೊತೆಗೆ ಬೆಳೆದವರೂ ಇರುತ್ತಾರೆ. ಸೇರು ಅಳೆದು ಕೊಡುವಾಗ ಅವರ ಉಗುರಿನ ಸಂದಿಯಲ್ಲಿರುವ ಮಣ್ಣು ಕಾಣುತ್ತದೆ. ಮಾಡಿದ ಕೈ ಮತ್ತು ತಿನ್ನುವ ಕೈ ನೇರವಾಗಿ ಎದುರಾಗುವಂಥ ಹಬ್ಬ ಈ ನಗರದಲ್ಲಿ ಇಷ್ಟು ದೊಡ್ಡದಾಗಿ ಬೇರೊಂದು ಉಳಿದಿರುವಂತೆ ನನಗೆ ಕಾಣದು.

ಭಕ್ತಿಯ ದಾರಿಯಲ್ಲಿ ಎಚ್ಚರ ಬೇಕಾದ ಒಂದು ತಿರುವು ಇದೆ. ಕಷ್ಟದಲ್ಲಿರುವಾಗ ದೇವರನ್ನು ನೆಚ್ಚುವುದು ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಅದೇ ಕಷ್ಟವನ್ನು ದೇವರು ಕೊಟ್ಟ ಶಿಕ್ಷೆಯೆಂದು ತಿಳಿದವರ ಮನಃಸ್ಥಿತಿ ಇನ್ನೂ ಕುಸಿಯುತ್ತದೆ. ಧರ್ಮ ಮತ್ತು ಮನಸ್ಸಿನ ಸಂಬಂಧವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕೆನೆತ್ ಪರ್ಗಮೆಂಟ್ ಒತ್ತಿ ಹೇಳಿದ ವ್ಯತ್ಯಾಸವಿದು. "ನಂಬಿಕೆ ಕಡಿಮೆಯಾಗಿದೆ, ಅದಕ್ಕೇ ಹೀಗೆಲ್ಲ ಆಗುತ್ತಿದೆ" ಎಂಬ ಸಾಲು ನಿಮ್ಮ ಮನಸ್ಸಿನಲ್ಲೂ ಸುಳಿದಿದ್ದರೆ ಅದನ್ನು ಗುರುತಿಸಿ. ಇಂಥ ಹೊತ್ತಿನಲ್ಲೇ ದೋಷ ಹೇಳಿ ಪರಿಹಾರಕ್ಕೆ ಹತ್ತಾರು ಸಾವಿರ ಕೇಳುವವರು ಎದುರಾಗುತ್ತಾರೆ. ಭಯ ಹುಟ್ಟಿಸಿ ಹಣ ಕೇಳಿದವರ ಬಳಿಗೆ ಎರಡನೇ ಸಲ ಹೋಗಬೇಡಿ.

ಪ್ರಯಾಣದ ಮೂರು ಗಂಟೆಯಲ್ಲಿ ಹದಿನೈದು ನಿಮಿಷವನ್ನು ನಿಮ್ಮದಾಗಿ ಮಾಡಿಕೊಳ್ಳಬಹುದು. ನೀವು ಕ್ಯಾಬ್‌ನಲ್ಲಿ ಹೋಗುವವರಾದ್ದರಿಂದ ಬಾಲ್ಯದ ಆ ಬಾಯಿಪಾಠವನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಿ, ಮರೆತ ಸಾಲಿಗೆ ತಡವರಿಸಿದರೂ ಪರವಾಗಿಲ್ಲ. ಸ್ಕೂಟರ್‌ನಲ್ಲಿ ಹೋಗುವವರು ಕಿವಿಗೆ ಏನನ್ನೂ ಸಿಕ್ಕಿಸಿಕೊಂಡು ಇದನ್ನು ಪ್ರಯತ್ನಿಸಬಾರದು. ಕಚೇರಿಯಲ್ಲಿ ವಾರಕ್ಕೊಂದು ದಿನ ಮನೆಯಿಂದ ಕೆಲಸ ಮಾಡಲು, ಇಲ್ಲವೇ ಒಂದು ಗಂಟೆ ಮೊದಲೇ ಹೋಗಿ ಬರಲು ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿ. ಭಕ್ತಿಯ ಬಗ್ಗೆ ಬರೆದ ಪತ್ರಕ್ಕೆ ಇದು ಉತ್ತರವೇ ಎನಿಸಬಹುದು. ಆದರೆ ವಾರದಲ್ಲಿ ಒಂದು ಸಂಜೆ ಹಗಲಿರುವಾಗಲೇ ಮನೆಯಲ್ಲಿರುವುದು ನಿಮ್ಮ ಪ್ರಾರ್ಥನೆಯ ಮೇಲೆ ಮಾಡುವ ಪರಿಣಾಮವನ್ನು ನಾನು ಹೇಳುವ ಯಾವ ಮಾತೂ ಮಾಡಲಾರದು.

ಊರಿಗೆ ಮರಳುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ನಾನು ಹೇಳಬಾರದು. ಮರಳಿ ನೆಮ್ಮದಿಯಾಗಿರುವವರನ್ನು ಬಲ್ಲೆ. ಹೋಗಿ ಎರಡು ವರ್ಷಕ್ಕೆ ವಾಪಸು ಬಂದವರನ್ನೂ ಬಲ್ಲೆ. ಅವರಲ್ಲಿ ಹೆಂಗಸರು ಹೇಳಿದ ಕಾರಣ ಹೆಚ್ಚಾಗಿ ಒಂದೇ, ಸ್ವಂತ ಸಂಬಳ ಹೋದದ್ದು. ನಿಮ್ಮ ನೆನಪಿನ ಊರಿನಲ್ಲಿ ನೀವು ಮಗುವಾಗಿದ್ದಿರಿ. ಈಗ ಹೋದರೆ ಮಗಳಾಗಿ ಮತ್ತು ಸೊಸೆಯಾಗಿ, ದೊಡ್ಡವರ ಆಸ್ಪತ್ರೆಗೆ ಶಿವಮೊಗ್ಗಕ್ಕೆ ಓಡಾಡುವವರಾಗಿ ಹೋಗುತ್ತೀರಿ. ಬೇಸಿಗೆಯ ನೀರಿನ ಕಷ್ಟದ ನಡುವೆ, ವರ್ಷಾಂತ್ಯದ ಲೆಕ್ಕಪತ್ರದ ಒತ್ತಡದ ನಡುವೆ ಈ ತೀರ್ಮಾನ ಬೇಡ. ಮಗನ ರಜೆಯಲ್ಲಿ ಮೂರು ವಾರ ಹೋಗಿರಿ, ನೆಂಟರ ಹಾಗೆ ಇರದೆ ಮನೆಯವರ ಹಾಗೆ ಇರಿ. ಸಾಧ್ಯವಾದರೆ ಜುಲೈ ಮಳೆಯಲ್ಲಿ ಒಂದು ವಾರ. ಆಮೇಲೂ ಇಬ್ಬರಿಗೂ ಹೋಗಬೇಕೆನಿಸಿದರೆ ಹಣದ ಲೆಕ್ಕ ಹಾಕಿ. ಆ ಕೆಲಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಟ್ಯಾಂಕರ್ ಹುಡುಗನ ವಿಷಯದಲ್ಲಿ ನಿಮ್ಮ ಬೇಸರವನ್ನು ನಾನು ಅಳಿಸಲು ಹೋಗುವುದಿಲ್ಲ, ಅದು ಸರಿಯಾದ ಬೇಸರ. ಕೃತಘ್ನರಿಗೆ ಒಂದು ತಿಂಗಳಾದ ಮೇಲೂ ಪೈಪು ಸುತ್ತಿಕೊಂಡು ಹೋದವನ ಚಿತ್ರ ಕಣ್ಣ ಮುಂದೆ ಇರುವುದಿಲ್ಲ. ಅವನು ಎಲ್ಲೋ ಹೊರವಲಯದ ಕೊಳವೆಬಾವಿಯ ಮುಂದೆ ಸರದಿಯಲ್ಲಿ ಕಾದು, ದಾರಿಯ ಟ್ರಾಫಿಕ್ ದಾಟಿ, ಬೆಳಗಿನಿಂದ ಎಷ್ಟನೆಯದೋ ಟ್ರಿಪ್ಪು ತಂದಿದ್ದಿರಬೇಕು. ಅವನ ಕೈಯಲ್ಲೂ ಗುಂಡಿ ಇಲ್ಲ. ಮುಂದಿನ ಸಲ ಅವನೇ ಬಂದರೆ ಕೆಳಗೆ ಇಳಿದು ಹೋಗಿ, "ಅವತ್ತು ಸಿಟ್ಟಿನಲ್ಲಿ ಬೈದುಬಿಟ್ಟೆನಪ್ಪ, ತಪ್ಪಾಯಿತು" ಎಂದು ಹೇಳಿ, ಹೆಸರು ಕೇಳಿ. ಒಂದು ಚೊಂಬು ಕುಡಿಯುವ ನೀರು ತೆಗೆದುಕೊಂಡು ಹೋಗಿ. ನೀರು ಹೊತ್ತು ತರುವವರಿಗೆ ಕುಡಿಯುವ ನೀರು ಕೊಡುವವರು ಕಡಿಮೆ. ಕೈಗೆ ಹಣ ತುರುಕಬೇಡಿ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಅವನು ಮರೆತಿರಬಹುದು, ಮುಖ ತಿರುಗಿಸಲೂಬಹುದು, ಎರಡಕ್ಕೂ ಸಿದ್ಧರಾಗಿರಿ. ಬೇರೆಯವನು ಬಂದರೆ ಅವನ ಹೆಸರು ಕೇಳಿ.

ಕೊನೆಯದಾಗಿ ದೀಪ. ನಾನು ಶಾಸ್ತ್ರ ಬಲ್ಲವಳಲ್ಲ, ಎಂಟೂವರೆಗೆ ಹಚ್ಚಬಹುದೇ ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಬೇಕು. ಆದರೆ ನಿಮ್ಮ ಮನೆಯಲ್ಲಿ ಆರೂವರೆಗೆ ಇಬ್ಬರು ಇರುತ್ತಾರೆ, ಅತ್ತೆಯವರು ಮತ್ತು ಮಗ. ಹಚ್ಚುವ ಕೆಲಸವನ್ನು ಅವನಿಗೆ ಒಪ್ಪಿಸಿ, ಎದುರು ಕುಳಿತು ಬಾಯಿಪಾಠ ಒಪ್ಪಿಸಿಕೊಳ್ಳುವುದು ಅಜ್ಜಿಯ ಪಾಲಿಗಿರಲಿ. ನೀವು ಬಾಗಿಲು ತೆಗೆದು ಒಳಗೆ ಬಂದಾಗ ದೀಪ ಆಗಲೇ ಉರಿಯುತ್ತಿರುತ್ತದೆ. ಎಣ್ಣೆ ಕಡಿಮೆಯಾಗಿದ್ದರೆ ಹಾಕಿ.